ಹಳೆಯ ಯಂತ್ರದ ಕದಿರಿಗೆ ಹೊಸ ನಿಯಂತ್ರಣ

ಹುಲಜಂತಿಯ ಸುತ್ತಲಿನ ಹೊಲಗಳಲ್ಲಿ ಬಾವಿಯ ನೀರೆತ್ತುವ ವಿದ್ಯುತ್ ಮೋಟರನ್ನು ಕಾಣದ ವಿದ್ಯಾರ್ಥಿಯು ಇರಲಾರನು. ಸ್ಟಾರ್ಟರಿನ ಹಸಿರು ಗುಂಡಿಯನ್ನು ಒತ್ತಿದೊಡನೆ ಅದು ತಿರುಗತೊಡಗುವದು, ಕೆಂಪು ಗುಂಡಿಯನ್ನು ಒತ್ತಿದರೆ ನಿಲ್ಲುವದು. ಅದಕ್ಕೆ ತಿಳಿದ ಸ್ಥಿತಿಗಳು ಇವೆರಡೇ. ಅದರ ಮೈಮೇಲಿನ ತಗಡಿನ ಪಟ್ಟಿಯನ್ನು ಓದಿದರೆ ನಿಮಿಷಕ್ಕೆ ೧೪೪೦ ಅಥವಾ ೨೮೮೦ ಸುತ್ತುಗಳ ಆಸುಪಾಸಿನ ಒಂದು ಸಂಖ್ಯೆಯು ಕಾಣುವದು. ಆ ವೇಗವನ್ನು ಬಿಟ್ಟು ಬೇರೆಯದನ್ನು ಅದು ಅರಿಯದು. ಬಾವಿಯ ನೀರಿಗೆ ಇಷ್ಟು ಸಾಕು. ಆದರೆ ಉಕ್ಕನ್ನು ಕಡೆದು ಎಂಜಿನ್ನಿನ ಭಾಗಗಳನ್ನು ಮಾಡುವ ಕಡಚಲು ಯಂತ್ರಕ್ಕೆ, ಅಂದರೆ ಲೇಥಿಗೆ, ಒಂದೇ ವೇಗವು ಸಾಲದು.

ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯಲ್ಲಿಯೂ ಚಿಂಚೋಳಿಯಲ್ಲಿಯೂ ಇರುವ ಔದ್ಯೋಗಿಕ ವಸಾಹತುಗಳಿಗೆ ನಮ್ಮ ಭಾಗದ ಅನೇಕ ತರುಣರು ಕೆಲಸವನ್ನರಸಿ ಹೋಗುವರು. ಸೊಲ್ಲಾಪುರದಲ್ಲಿಯೇ ೧೯೯೨ರಲ್ಲಿ ಸ್ಥಾಪಿತವಾದ ಪ್ರಿಸಿಜನ್ ಕ್ಯಾಮ್‌ಶಾಫ್ಟ್ಸ್ ಸಂಸ್ಥೆಯು ಮೋಟಾರುಗಾಡಿಗಳ ಕ್ಯಾಮ್‌ಶಾಫ್ಟುಗಳನ್ನು ಮಾಡಿ ಪರದೇಶಗಳಿಗೂ ಕಳಿಸುವದು. ಅಂತಹ ದೊಡ್ಡ ಕಾರಖಾನೆಗಳು ಹೊಸ ಯಂತ್ರಗಳನ್ನು ಕೊಳ್ಳಬಲ್ಲವು. ಚಿಕ್ಕ ಕಾರಖಾನೆಯ ಮಾಲಿಕನಾದರೋ ಹಲವು ಸಲ ಇಪ್ಪತ್ತು ಮೂವತ್ತು ವರ್ಷ ದುಡಿದ ಯಂತ್ರವನ್ನು ಎರಡನೆಯ ಕೈಯಿಂದ ಕೊಂಡು, ಅದರ ಮೇಲೆ ತನ್ನ ಸಂಸಾರವನ್ನೂ ನಾಲ್ಕಾರು ಕೆಲಸಗಾರರ ಸಂಸಾರಗಳನ್ನೂ ನಡೆಸುವನು. ಆ ಯಂತ್ರದ ಮುಖ್ಯ ಮೋಟರನ್ನು ಆಳುವ ಪೆಟ್ಟಿಗೆಯು ಒಂದು ಮುಂಜಾನೆ ಸುಮ್ಮನಾಯಿತೆಂದರೆ ಎಲ್ಲವೂ ನಿಂತಿತು. ಈ ಪೆಟ್ಟಿಗೆಗೆ ಕಾರಖಾನೆಯ ಭಾಷೆಯಲ್ಲಿ ಡ್ರೈವ್ ಎನ್ನುವರು. ಹಳೆಯದನ್ನು ತೆಗೆದು ಹೊಸ ಡ್ರೈವನ್ನು ಕೂಡಿಸುವದು ಹೇಗೆ, ಅದರಲ್ಲಿ ಎಲ್ಲೆಲ್ಲಿ ಎಡವುವ ಸಂಭವವಿದೆ ಎಂಬದೇ ಈ ಲೇಖನದ ವಿಷಯ. ಮುಖ್ಯವಾದ ಮಾತನ್ನು ಮೊದಲಿಗೇ ಹೇಳಿಬಿಡುವದು ಒಳ್ಳೆಯದು. ಹಳೆಯ ಡ್ರೈವು ಮೋಟರನ್ನು ತಿರುಗಿಸುತ್ತಿದ್ದಾಗ ಯಂತ್ರದ ಉಳಿದ ಅಂಗಗಳೊಡನೆ ಎಡೆಬಿಡದೆ ಮಾತನಾಡುತ್ತಲೂ ಇದ್ದಿತು. ತಿರುಗಿಸುವ ಕೆಲಸವನ್ನು ಹೊಸ ಡ್ರೈವು ಸುಲಭವಾಗಿ ಮಾಡೀತು; ಆ ಮಾತುಕತೆಯನ್ನು ಮೊದಲು ತಿಳಿದುಕೊಳ್ಳದೆ ಕೈಹಾಕಿದರೆ ಯಂತ್ರದ ಮುಂದೆ ನಿಲ್ಲುವವನ ಕೈಬೆರಳುಗಳಿಗೇ ಗಂಡಾಂತರ.

ಯಂತ್ರದಲ್ಲಿ ತಿರುಗುವ ಮುಖ್ಯ ದಂಡಕ್ಕೆ ಸ್ಪಿಂಡಲ್ ಎಂದು ಹೆಸರು. ಈ ಶಬ್ದವು ಸೊಲ್ಲಾಪುರದವರಿಗೆ ಹೊಸದಲ್ಲ. ೧೮೭೭ರಲ್ಲಿ ಇಲ್ಲಿ ಮೊದಲ ನೂಲಿನ ಗಿರಣಿಯು ಆರಂಭವಾದಂದಿನಿಂದ ಗಿರಣಿ ಕಾಮಗಾರರ ಮನೆಗಳಲ್ಲಿ ಸ್ಪಿಂಡಲುಗಳ ಎಣಿಕೆಯು ದಿನದ ಮಾತಾಗಿದ್ದಿತು. ಅದಕ್ಕೂ ಮುಂಚೆ ನಮ್ಮ ಅಜ್ಜಿಯಂದಿರ ರಾಟೆಯಲ್ಲಿ ಅದು ಕದಿರು ಎನಿಸಿಕೊಂಡಿದ್ದಿತು. ಆ ಗಿರಣಿಯು ಈಗ ಉಳಿದಿಲ್ಲ. ಕದಿರು ಎಂಬ ಚೆಲುವಾದ ಶಬ್ದವನ್ನಾದರೂ ಉಳಿಸಿಕೊಳ್ಳೋಣ. ನೂಲುವ ಕದಿರು ಎಳೆಗೆ ಹುರಿ ಕೊಡುವದು. ಲೇಥಿನ ಕದಿರು ತನ್ನ ತುದಿಯ ಚಕ್ ಎಂಬ ಹಿಡಿಯಲ್ಲಿ ಉಕ್ಕಿನ ತುಂಡನ್ನು ಬಿಗಿಹಿಡಿದು ತಿರುಗಿಸುವದು. ಪಕ್ಕದಿಂದ ಉಳಿಯು ಬಂದು ಅದನ್ನು ಕೆತ್ತುವದು.

ಈ ಕದಿರಿಗೆ ಬೇರೆ ಬೇರೆ ವೇಗಗಳೇಕೆ ಬೇಕು? ಒಂದು ಲೆಕ್ಕವನ್ನು ಮಾಡಿ ನೋಡೋಣ. ಉಳಿಯ ಮೊನೆಯ ಮುಂದೆ ಉಕ್ಕಿನ ಮೈಯು ನಿಮಿಷಕ್ಕೆ ೧೫೦ ಮೀಟರಿನಂತೆ ಹಾದುಹೋದರೆ ಕೆತ್ತನೆಯು ನಯವಾಗಿ ಬರುವದೆಂದು ಇಟ್ಟುಕೊಳ್ಳಿರಿ. ೫೦ ಮಿಲಿಮೀಟರು ವ್ಯಾಸದ ಸಲಾಕೆಯ ಸುತ್ತಳತೆಯು ಸುಮಾರು ೧೫೭ ಮಿಲಿಮೀಟರು. ಆದ್ದರಿಂದ ಕದಿರು ನಿಮಿಷಕ್ಕೆ ೯೫೫ ಸುತ್ತು ತಿರುಗಬೇಕು. (ಪೈ ಎಂಬ ಸಂಖ್ಯೆಯು ಪರೀಕ್ಷೆಯ ಹೊರಗೆ ಎಲ್ಲಿ ಉಪಯೋಗವಾಗುವದೆಂದು ಕೇಳುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.) ಇನ್ನು ೧೦೦ ಮಿಲಿಮೀಟರು ವ್ಯಾಸದ ಒಂದು ಬಿಲ್ಲೆಯ ಮುಖವನ್ನು ಅಂಚಿನಿಂದ ನಡುವಿನತ್ತ ಕೆತ್ತುತ್ತ ಬರುವಾಗ ಏನಾಗುವದು? ಅಂಚಿನಲ್ಲಿ ೪೭೭ ಸುತ್ತು ಸಾಕು. ಉಳಿಯು ೨೦ ಮಿಲಿಮೀಟರು ವ್ಯಾಸದ ಸ್ಥಳಕ್ಕೆ ಬರುವ ಹೊತ್ತಿಗೆ ಕದಿರು ೨೩೮೭ ಸುತ್ತಿಗೆ ಏರಿರಬೇಕು. ಕೆತ್ತನೆಯು ನಡೆದಿರುವಾಗಲೇ ವೇಗವು ಹೀಗೆ ಏರುತ್ತ ಹೋಗಬೇಕು. ನಡುವೆ ಯಂತ್ರವನ್ನು ನಿಲ್ಲಿಸಿ ಹಲ್ಲಿನ ಗಾಲಿಗಳನ್ನು ಬದಲಿಸುವ ಹಾಗಿಲ್ಲ.

ಹಿಂದಿನ ಲೇಥುಗಳಲ್ಲಿ ಮೋಟರಿಗೆ ಒಂದೇ ವೇಗ. ಮೆಟ್ಟಿಲುಗಾಲಿಯ ಮೇಲೆ ಪಟ್ಟಾ ಸರಿಸಿಯೋ ಹಲ್ಲಿನ ಗಾಲಿಗಳ ಜೋಡಣೆಯನ್ನು ಬದಲಿಸಿಯೋ ಎಂಟು ಹತ್ತು ವೇಗಗಳನ್ನು ಪಡೆಯುತ್ತಿದ್ದರು. ಹರಿಹರದಲ್ಲಿ ೧೯೪೧ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ ಕಾರಖಾನೆಯ ಲೇಥುಗಳು ಈ ತರಹದವು. ಆ ಕಾರಖಾನೆಯು ಮುಚ್ಚಿಹೋಗಿ ವರ್ಷಗಳಾದರೂ ಅದರ ಲೇಥುಗಳನ್ನು ಇಂದಿಗೂ ಅಲ್ಲಲ್ಲಿ ಕಾಣಬಹುದು. ಭಾರತ ಸರಕಾರವು ೧೯೫೩ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಮಶಿನ್ ಟೂಲ್ಸ್ ಸಂಸ್ಥೆಯನ್ನು, ಅಂದರೆ ಎಚ್.ಎಂ.ಟಿ.ಯನ್ನು, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಕಾರದಿಂದ ಸ್ಥಾಪಿಸಿತು. ಅದರ ಹಿಂದಿನ ವರ್ಷವೇ, ೧೯೫೨ರಲ್ಲಿ, ಅಮೇರಿಕೆಯ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಸಂಖ್ಯೆಗಳ ಅಪ್ಪಣೆಯಂತೆ ತಾನೇ ನಡೆಯುವ ಯಂತ್ರವನ್ನು ಜನರೆದುರು ತೋರಿಸಿದ್ದರು. ಅಪ್ಪಣೆ ಕೊಡುವ ಸ್ಥಾನಕ್ಕೆ ಮುಂದೆ ಗಣಕವು ಬಂದಿತು, ಯಂತ್ರಕ್ಕೆ ಸಿ.ಎನ್.ಸಿ. ಎಂಬ ಹೆಸರು ಬಂದಿತು.

ಸಿ.ಎನ್.ಸಿ. ಯಂತ್ರದಲ್ಲಿ ಕದಿರಿನ ವೇಗವನ್ನು ತಿಳಿಸುವ ಬಗೆಯು ಸರಳವಾಗಿದೆ. ಕಾರ್ಯಕ್ರಮದಲ್ಲಿ ‘ಎಸ್ ೯೫೫’ ಎಂದು ಬರೆದಿದ್ದರೆ ಗಣಕವು ಅದನ್ನು ಒಂದು ಚಿಕ್ಕ ವೋಲ್ಟಿನ ಸಂಕೇತವನ್ನಾಗಿ ಮಾಡಿ ಡ್ರೈವಿಗೆ ಕಳಿಸುವದು. ಹಳೆಯ ಯಂತ್ರಗಳಲ್ಲಿ ೧೦ ವೋಲ್ಟು ಅಂದರೆ ಪರಮಾವಧಿ ವೇಗವೆಂದು ರೂಢಿ. ಪರಮಾವಧಿಯು ೩೦೦೦ ಸುತ್ತಾಗಿದ್ದರೆ ೯೫೫ ಸುತ್ತಿಗೆ ೩.೧೮ ವೋಲ್ಟು. ‘ಎಂ ೩’ ಎಂದರೆ ಒಂದು ಕಡೆಗೆ ತಿರುಗು, ‘ಎಂ ೪’ ಎಂದರೆ ಅದಕ್ಕೆ ವಿರುದ್ಧವಾಗಿ, ‘ಎಂ ೫’ ಎಂದರೆ ನಿಲ್ಲು. ಈ ಪಿಸುಮಾತನ್ನು ಕೇಳಿ ಹತ್ತಾರು ಅಶ್ವಶಕ್ತಿಯ ಮೋಟರನ್ನು ಅದೇ ವೇಗಕ್ಕೆ ತಂದು ನಿಲ್ಲಿಸುವದು ಡ್ರೈವಿನ ಕೆಲಸ.

೧೯೭೦ ಮತ್ತು ೮೦ರ ದಶಕಗಳ ಬಹಳಷ್ಟು ಯಂತ್ರಗಳಲ್ಲಿ ಈ ಮೋಟರು ನೇರ ಪ್ರವಾಹದ್ದು, ಅಂದರೆ ಡಿ.ಸಿ. ಮೋಟರು, ಆಗಿರುವದು. ನಮ್ಮ ಬಾವಿಯ ಮೋಟರು ಪರ್ಯಾಯ ಪ್ರವಾಹದ್ದು. ಕಾರಖಾನೆಗೂ ಬರುವದು ಪರ್ಯಾಯ ಪ್ರವಾಹವೇ. ಹಾಗಿದ್ದು ಡಿ.ಸಿ. ಮೋಟರನ್ನು ಏಕೆ ಆರಿಸಿದರು? ಅದರ ವೇಗವನ್ನು ಆಳುವದು ಸುಲಭ. ಅದರ ತಿರುಗುವ ಭಾಗಕ್ಕೆ ಕೊಡುವ ವೋಲ್ಟನ್ನು ಹೆಚ್ಚಿಸಿದಂತೆ ವೇಗವು ಏರುವದು. ಆ ಮಿತಿಯನ್ನು ಮುಟ್ಟಿದ ಮೇಲೆ ಅದರ ಕಾಂತಕ್ಷೇತ್ರವನ್ನು ಕ್ಷೀಣಗೊಳಿಸಿದರೆ ವೇಗವು ಇನ್ನೂ ಏರುವದು. ಪರ್ಯಾಯ ಪ್ರವಾಹವನ್ನು ಬೇಕಾದಷ್ಟು ವೋಲ್ಟಿನ ನೇರ ಪ್ರವಾಹವನ್ನಾಗಿ ಮಾರ್ಪಡಿಸಲು ಥೈರಿಸ್ಟರ್ ಎಂಬ ಅರೆವಾಹಕವು ೧೯೫೭ರಲ್ಲಿ ಅಮೇರಿಕೆಯ ಜನರಲ್ ಇಲೆಕ್ಟ್ರಿಕ್ ಸಂಸ್ಥೆಯಲ್ಲಿ ಸಿದ್ಧವಾಗಿದ್ದಿತು. ಥೈರಿಸ್ಟರಿನ ಸ್ವಭಾವವು ವಿಚಿತ್ರವಾದದ್ದು. ಒಂದು ಸಣ್ಣ ಸನ್ನೆಯಿಂದ ಅದರ ಬಾಗಿಲನ್ನು ತೆರೆಯಬಹುದು. ಮುಚ್ಚಬೇಕೆಂದರೆ ಸನ್ನೆಗೆ ಅದು ಕಿವಿಗೊಡದು. ಹರಿಯುವ ಪ್ರವಾಹವು ತಾನಾಗಿಯೇ ಶೂನ್ಯಕ್ಕೆ ಇಳಿದಾಗಲಷ್ಟೇ ಮುಚ್ಚಿಕೊಳ್ಳುವದು. ಪರ್ಯಾಯ ಪ್ರವಾಹದ ಅಲೆಯು ಮಗ್ಗುಲು ಬದಲಿಸುತ್ತಲೇ ಇರುವದರಿಂದ ಡಿ.ಸಿ. ಮೋಟರಿನ ಕೆಲಸಕ್ಕೆ ಈ ಕುಂದು ತಡೆಯಾಗಲಿಲ್ಲ. ಹೀಗೆ ಥೈರಿಸ್ಟರಿಗೂ ಡಿ.ಸಿ. ಮೋಟರಿಗೂ ಜೋಡಿ ಕೂಡಿತು.

ಕಾಲಾಂತರದಲ್ಲಿ ಈ ಜೋಡಿಯು ಹಣ್ಣಾಗುವದು. ಮೋಟರಿನೊಳಗೆ ತಾಮ್ರದ ಪಟ್ಟಿಗಳ ಮೇಲೆ ಉಜ್ಜುತ್ತಿರುವ ಕಾರ್ಬನ್ ಬ್ರಶ್ಶುಗಳು ಸವೆಯುವವು. ಆ ಕರಿಯ ಹುಡಿಯು ಸುರುಳಿಗಳ ಸಂದಿಗಳಲ್ಲಿ ಕೂತು ನಿರೋಧವನ್ನು ಕೆಡಿಸುವದು. ಡ್ರೈವಿನೊಳಗಿನ ಕೆಪ್ಯಾಸಿಟರುಗಳು ವರ್ಷಗಳ ಬಿಸಿಗೆ ಒಣಗುವವು, ಬೆಸುಗೆಗಳು ಬಿರಿಯುವವು. ಮಾಡಿದ ಸಂಸ್ಥೆಯನ್ನು ಕೇಳಿದರೆ ಆ ನಮೂನೆಯನ್ನು ನಿಲ್ಲಿಸಿ ಬಹಳ ವರ್ಷಗಳಾದವೆಂದು ಉತ್ತರ ಬರುವದು. ಆದರೆ ಯಂತ್ರದ ಎರಕದ ಕಬ್ಬಿಣದ ಮೈಯು ಹಾಗಲ್ಲ. ಎಣ್ಣೆ ಹಾಕಿ ಕಾಪಾಡಿದ ಯಂತ್ರದ ಹಾಸು, ಜಾರುದಾರಿಗಳು, ಕದಿರಿನ ಬೇರಿಂಗುಗಳು ಮೂವತ್ತು ವರ್ಷದ ಮೇಲೂ ಒಳ್ಳೆಯ ಸ್ಥಿತಿಯಲ್ಲಿರಬಲ್ಲವು. ಮೈ ಗಟ್ಟಿಯಾಗಿದ್ದು ನರಗಳು ಮಾತ್ರ ಸೋತ ಯಂತ್ರವನ್ನು ಗುಜರಿಗೆ ಹಾಕುವದು ಅವಸರವೆಂದೇ ನನ್ನ ಅಭಿಪ್ರಾಯ. ಹಾಸೇ ಸವೆದಿದ್ದರೆ ಮಾತು ಬೇರೆ. ಆಗ ಹೊಸ ಡ್ರೈವಿಗೆ ಹಣ ಸುರಿಯುವದು ವ್ಯರ್ಥ.

ಡ್ರೈವು ಕೆಟ್ಟಿತೆಂದು ತೀರ್ಮಾನಿಸುವ ಮುಂಚೆ ನಿಜವಾಗಿಯೂ ಕೆಟ್ಟದ್ದು ಅದೇ ಹೌದೋ ಎಂದು ನೋಡಬೇಕು. ಬಾವಿಯ ಪಂಪಿಗೆ ಮೂರು ಫೇಜುಗಳಲ್ಲಿ ಒಂದು ಬಾರದೆ ಹೋದರೆ ಮೋಟರು ಗುಂಯ್‌ಗುಡುತ್ತ ಬಿಸಿಯಾಗುವದನ್ನು ನಮ್ಮ ರೈತರು ಬಲ್ಲರು. ಇಲ್ಲಿಯೂ ಒಂದು ಫ್ಯೂಜು ಹೋಗಿರಬಹುದು. ಸವೆದ ಬ್ರಶ್ಶು, ಸಡಿಲಾದ ತಂತಿ, ವೇಗವನ್ನು ಅಳೆದು ಹೇಳುವ ಟ್ಯಾಕೋ ಎಂಬ ಪುಟ್ಟ ಜನರೇಟರಿನ ಮುರಿದ ಜೋಡಿಕೆ, ಇವುಗಳಲ್ಲಿ ಯಾವದಾದರೂ ಒಂದು ಇಡಿಯ ಡ್ರೈವೇ ಸತ್ತಂತೆ ತೋರಿಸಬಲ್ಲದು. ಗಣಕದಿಂದ ವೇಗದ ಸಂಕೇತವೇ ಬರುತ್ತಿಲ್ಲವೇನೋ. ಮೀಟರು ಹಿಡಿದು ಆ ೩.೧೮ ವೋಲ್ಟು ಬರುವದೋ ಇಲ್ಲವೋ ನೋಡಲು ಐದು ನಿಮಿಷ ಸಾಕು. ಆ ಐದು ನಿಮಿಷವನ್ನು ಉಳಿಸಹೋಗಿ ಲಕ್ಷಗಟ್ಟಲೆ ರೂಪಾಯಿ ಸುರಿಯುವದು ಜಾಣತನವಲ್ಲ.

ಡ್ರೈವೇ ಕೆಟ್ಟದ್ದು ನಿಶ್ಚಯವಾದರೆ ಮುಂದೆ ಎರಡು ಮುಖ್ಯ ದಾರಿಗಳುಂಟು. ಹಳೆಯ ಡಿ.ಸಿ. ಮೋಟರು ಆರೋಗ್ಯವಾಗಿದ್ದರೆ ಅದನ್ನು ಇದ್ದಲ್ಲಿಯೇ ಇಟ್ಟು, ಇಂದಿಗೂ ತಯಾರಾಗುತ್ತಿರುವ ಹೊಸ ಮಾದರಿಯ ಡಿ.ಸಿ. ಡ್ರೈವನ್ನು ಕೂಡಿಸುವದು ಒಂದು. ಇದರಲ್ಲಿ ಯಂತ್ರದ ಗುಣವು ಬದಲಾಗದು, ಅಡಚಣೆಯೂ ಕಡಿಮೆ. ಮೊದಲು ಇದನ್ನೇ ವಿಚಾರಿಸಬೇಕು. ಮೋಟರೂ ಹಣ್ಣಾಗಿದ್ದರೆ ಬಾವಿಯ ಮೋಟರಿನ ಜಾತಿಯ ಪರ್ಯಾಯ ಪ್ರವಾಹದ ಇಂಡಕ್ಷನ್ ಮೋಟರನ್ನೂ, ಅದರ ವೇಗವನ್ನು ಬದಲಿಸಬಲ್ಲ ವಿ.ಎಫ್.ಡಿ. ಎಂಬ ಡ್ರೈವನ್ನೂ ಹಾಕುವದು ಎರಡನೆಯದು.

ಎರಡನೆಯ ದಾರಿಯಲ್ಲಿ ಒಂದು ಗುಂಡಿಯಿದೆ. ಹಲವರು ಅದರಲ್ಲಿ ಬೀಳುವರು. ಹಳೆಯ ಮೋಟರು ೧೧ ಕಿಲೋವಾಟಿನದು, ಹೊಸದೂ ೧೧ ಕಿಲೋವಾಟಿನದೇ. ಸರಿಹೋಯಿತೆಂದು ಅವರು ತಿಳಿಯುವರು. ಲೋಹವನ್ನು ಕೆತ್ತುವದು ತಿರುಗುಬಲ, ಕಾರಖಾನೆಯವರು ಟಾರ್ಕ್ ಎನ್ನುವದು. ಕಿಲೋವಾಟನ್ನು ೯೫೫೦ರಿಂದ ಗುಣಿಸಿ ನಿಮಿಷದ ಸುತ್ತುಗಳಿಂದ ಭಾಗಿಸಿದರೆ ಅದು ನ್ಯೂಟನ್-ಮೀಟರುಗಳಲ್ಲಿ ದೊರೆಯುವದು. ಹಳೆಯ ಡಿ.ಸಿ. ಮೋಟರು ೧೦೦೦ ಸುತ್ತಿನಲ್ಲಿಯೇ ತನ್ನ ಪೂರ್ಣ ೧೧ ಕಿಲೋವಾಟನ್ನು ಕೊಡುತ್ತಿದ್ದರೆ ಅದರ ತಿರುಗುಬಲವು ೧೦೫. ಹೊಸ ಮೋಟರು ಪೂರ್ಣ ಶಕ್ತಿಯನ್ನು ಕೊಡುವದು ೧೪೪೦ ಸುತ್ತಿನಲ್ಲಿ. ಅದರ ತಿರುಗುಬಲವು ೭೩. ಮುಕ್ಕಾಲು ಪಾಲೂ ಇಲ್ಲವಾಯಿತು! ಸಣ್ಣ ಕೆಲಸದಲ್ಲಿ ಇದು ಗೊತ್ತಾಗದು. ದಪ್ಪ ಸಲಾಕೆಯನ್ನು ಕಡಿಮೆ ವೇಗದಲ್ಲಿ ಆಳವಾಗಿ ಕೆತ್ತಹೋದ ದಿನ ಕದಿರು ಏದುಸಿರು ಬಿಟ್ಟು ನಿಲ್ಲುವದು. ೧೫ ಕಿಲೋವಾಟಿನ ಮೋಟರನ್ನು ಹಾಕಿದರೆ ತಿರುಗುಬಲವು ಸುಮಾರು ೯೯ಕ್ಕೆ ಬರುವದು. ಗಾಲಿಗಳ ಅಳತೆಯನ್ನು ಬದಲಿಸಿಯೂ ಬಲವನ್ನು ಹೆಚ್ಚಿಸಬಹುದು. ಆದರೆ ಆಗ ಪರಮಾವಧಿ ವೇಗವು ಇಳಿಯುವದು. ಇನ್ನೂ ಒಂದು ಮಾತು: ಸಾಮಾನ್ಯ ಮೋಟರಿನ ಗಾಳಿಪಂಕವು ಅದರ ದಂಡದ ಮೇಲೆಯೇ ಇರುವದರಿಂದ ನಿಧಾನವಾಗಿ ತಿರುಗುವಾಗ ಗಾಳಿಯೂ ನಿಧಾನವಾಗುವದು, ಮೋಟರು ಕಾಯುವದು. ಆದ್ದರಿಂದ ಅದಕ್ಕೆ ತನ್ನದೇ ಆದ ಬೇರೆ ಪಂಕವು ಬೇಕು.

ಬಾವಿಯ ಮೋಟರು ಒಂದೇ ವೇಗವನ್ನು ಬಲ್ಲುದೆಂದು ಮೊದಲು ಹೇಳಿದೆವು. ವಿ.ಎಫ್.ಡಿ.ಯು ಅದೇ ಜಾತಿಯ ಮೋಟರಿಗೆ ನಾನಾ ವೇಗಗಳನ್ನು ಕಲಿಸುವದು ಹೇಗೆ? ನಮ್ಮ ಮನೆಗೆ ಬರುವ ಪರ್ಯಾಯ ಪ್ರವಾಹವು ಸೆಕೆಂಡಿಗೆ ೫೦ ಆವರ್ತನೆಗಳನ್ನು ಮಾಡುವದು. ೧೨೦ನ್ನು ಆವರ್ತನೆಗಳಿಂದ ಗುಣಿಸಿ ಮೋಟರಿನ ಧ್ರುವಗಳಿಂದ ಭಾಗಿಸಿದರೆ ಅದರ ಕಾಂತಕ್ಷೇತ್ರದ ವೇಗವು ಸಿಗುವದು. ನಾಲ್ಕು ಧ್ರುವದ ಮೋಟರಿಗೆ ಅದು ೧೫೦೦. ಮೋಟರು ಅದಕ್ಕಿಂತ ತುಸು ಹಿಂದೆ ಬಿದ್ದು ೧೪೪೦ರಲ್ಲಿ ತಿರುಗುವದು. ಆವರ್ತನೆಗಳನ್ನು ೨೫ಕ್ಕೆ ಇಳಿಸಿದರೆ ೭೫೦, ೧೦೦ಕ್ಕೆ ಏರಿಸಿದರೆ ೩೦೦೦. ವೋಲ್ಟನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು; ಇಲ್ಲವಾದರೆ ಮೋಟರಿನ ಕಬ್ಬಿಣವು ಕಾಂತಶಕ್ತಿಯಿಂದ ತುಂಬಿ ಉಕ್ಕಿ ಬಿಸಿಯಾಗುವದು. ೫೦ರ ಮೇಲೆ ವೋಲ್ಟನ್ನು ಏರಿಸುವ ಅವಕಾಶವಿಲ್ಲ, ಆದ್ದರಿಂದ ಅಲ್ಲಿಂದ ಮುಂದೆ ವೇಗವು ಹೆಚ್ಚಿದಂತೆ ತಿರುಗುಬಲವು ಕುಗ್ಗುತ್ತ ಹೋಗುವದು.

ಆದರೆ ಆವರ್ತನೆಗಳನ್ನು ಬೇಕಾದಂತೆ ಬದಲಿಸುವದು ದೊಡ್ಡ ಸಾಹಸದ ಕೆಲಸ. ಮೊದಲು ಪರ್ಯಾಯ ಪ್ರವಾಹವನ್ನು ನೇರ ಪ್ರವಾಹವನ್ನಾಗಿ ಮಾಡಿ ಕೆಪ್ಯಾಸಿಟರುಗಳಲ್ಲಿ ತುಂಬಿಟ್ಟುಕೊಂಡು, ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಹೊಸ ಅಲೆಯನ್ನು ಕಟ್ಟಬೇಕು. ಕೆರೆಯ ತೂಬನ್ನು ಹೆಚ್ಚು ಹೊತ್ತು ತೆರೆದು ಸ್ವಲ್ಪ ಹೊತ್ತು ಮುಚ್ಚಿದರೆ ಕಾಲುವೆಯಲ್ಲಿ ಹೆಚ್ಚು ನೀರು, ಸ್ವಲ್ಪ ಹೊತ್ತು ತೆರೆದು ಹೆಚ್ಚು ಹೊತ್ತು ಮುಚ್ಚಿದರೆ ಕಡಿಮೆ ನೀರು, ಇದೂ ಹಾಗೆಯೇ. ಇಲ್ಲಿ ಬೇಕಾದದ್ದು ತೆರೆಯೆಂದರೆ ತೆರೆಯುವ, ಮುಚ್ಚೆಂದರೆ ಆ ಕ್ಷಣವೇ ಮುಚ್ಚುವ, ನೂರಾರು ವೋಲ್ಟುಗಳನ್ನು ತಾಳಬಲ್ಲ ಬಾಗಿಲು. ಮುಚ್ಚಲೊಲ್ಲದ ಥೈರಿಸ್ಟರು ಇದಕ್ಕೆ ತಕ್ಕುದಲ್ಲ. ಶಕ್ತಿಯ ಟ್ರಾನ್ಸಿಸ್ಟರುಗಳು ಮುಚ್ಚುತ್ತಿದ್ದವು, ಆದರೆ ಅವನ್ನು ತೆರೆದಿಡಲು ಬೇಕಾಗುವ ಪ್ರವಾಹವು ಬಹಳ.

ಈ ತೊಡಕನ್ನು ಬಿಡಿಸಿದವರು ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದ ಬಿ. ಜಯಂತ ಬಾಳಿಗಾ ಅವರೆಂಬದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. ೧೯೪೮ರಲ್ಲಿ ಹುಟ್ಟಿದ ಇವರು ಮದ್ರಾಸಿನ ಐ.ಐ.ಟಿ.ಯಿಂದ ೧೯೬೯ರಲ್ಲಿ ಪದವೀಧರರಾಗಿ, ಅಮೇರಿಕೆಯಲ್ಲಿ ಉಚ್ಚ ವ್ಯಾಸಂಗವನ್ನು ಮುಗಿಸಿ, ೧೯೭೪ರಲ್ಲಿ ಜನರಲ್ ಇಲೆಕ್ಟ್ರಿಕ್ ಸಂಸ್ಥೆಯ ಸಂಶೋಧನಾಲಯವನ್ನು ಸೇರಿದರು. ಥೈರಿಸ್ಟರು ಹೊರಬಂದದ್ದು ಅದೇ ಸಂಸ್ಥೆಯಿಂದ. ಕೋಣೆಗಳನ್ನು ಬೆಚ್ಚಗೆ ಅಥವಾ ತಂಪಾಗಿ ಇಡುವ ಯಂತ್ರಗಳ ಮೋಟರುಗಳನ್ನು ಬೇಕಾದ ವೇಗದಲ್ಲಿ ಓಡಿಸಿ ವಿದ್ಯುತ್ತನ್ನು ಉಳಿಸುವದು ಹೇಗೆಂಬ ಪ್ರಶ್ನೆಯು ಅಲ್ಲಿ ಎದ್ದಾಗ, ೧೯೮೦ರ ದಶಕದ ಆರಂಭದಲ್ಲಿ ಬಾಳಿಗಾ ಅವರು ಐ.ಜಿ.ಬಿ.ಟಿ. ಎಂಬ ಹೊಸ ಅರೆವಾಹಕವನ್ನು ರೂಪಿಸಿದರು. ಅತ್ಯಲ್ಪ ಸನ್ನೆಯಿಂದ ತೆರೆಯುವದು, ಸನ್ನೆ ಹೋದೊಡನೆ ಮುಚ್ಚುವದು, ಭಾರಿ ಪ್ರವಾಹವನ್ನು ಹೊರುವದು, ಈ ಮೂರು ಗುಣಗಳೂ ಅದರಲ್ಲಿ ಕೂಡಿಬಂದವು. ಅಮೇರಿಕೆಯ ಅಧ್ಯಕ್ಷರಿಂದ ೨೦೧೧ರಲ್ಲಿ ರಾಷ್ಟ್ರೀಯ ತಂತ್ರವಿಜ್ಞಾನ ಪದಕವೂ, ಫಿನ್ಲೆಂಡಿನಿಂದ ೨೦೨೪ರಲ್ಲಿ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿಯೂ ಅವರಿಗೆ ದೊರೆತವು. ಇಂದು ಲೇಥಿಗೆ ಹಾಕುವ ವಿ.ಎಫ್.ಡಿ.ಯನ್ನು ಬಿಚ್ಚಿ ನೋಡಿದರೆ ಒಳಗೆ ಸಾಧಾರಣವಾಗಿ ಇರುವದು ಆ ಐ.ಜಿ.ಬಿ.ಟಿ.ಯೇ.

ಹೊಸ ಡ್ರೈವು ಬಂದಿತು, ಮೋಟರೂ ಬಂದಿತು. ಇನ್ನು ಹಳೆಯದನ್ನು ಬಿಚ್ಚುವ ಮುಂಚೆ ಕಾಗದ ಪೆನ್ಸಿಲು ಹಿಡಿದು ಕೂಡ್ರಬೇಕು. ಹಳೆಯ ಡ್ರೈವಿಗೆ ಬರುವ ಮತ್ತು ಅದರಿಂದ ಹೊರಡುವ ಒಂದೊಂದು ತಂತಿಯ ಅಂಕೆಯನ್ನೂ ಬರೆದು, ಅದು ಯಾವ ಸುದ್ದಿಯನ್ನು ಒಯ್ಯುವದೆಂದು ಯಂತ್ರದ ನಕಾಶೆಯಲ್ಲಿ ಹುಡುಕಬೇಕು. ನಕಾಶೆಯು ಕಳೆದಿದ್ದರೆ ತಂತಿಯನ್ನು ಹಿಡಿದುಕೊಂಡೇ ಹೋಗಬೇಕು. ದಿನಗಳು ಹಿಡಿದರೂ ಚಿಂತೆಯಿಲ್ಲ. ‘ತಿರುಗು’ ಎಂಬ ಅಪ್ಪಣೆಯೂ ವೇಗದ ಸಂಕೇತವೂ ಗಣಕದಿಂದ ಬರುವವು. ಇವು ಎಲ್ಲರ ಕಣ್ಣಿಗೂ ಬೀಳುವವು. ಮರೆತುಹೋಗುವವು ಡ್ರೈವು ಮರಳಿ ಹೇಳುವ ಮಾತುಗಳು. ‘ಹೇಳಿದ ವೇಗಕ್ಕೆ ಬಂದೆ’ ಎಂದು ಅದು ಹೇಳುವದು. ಆ ಮಾತು ಕೇಳಿದ ಮೇಲೆಯೇ ಗಣಕವು ಉಳಿಯನ್ನು ಮುಂದೆ ಸರಿಸುವದು. ‘ಸಂಪೂರ್ಣ ನಿಂತೆ’ ಎಂದು ಹೇಳುವದು. ಅದನ್ನು ಕೇಳಿದ ಮೇಲೆಯೇ ಚಕ್ಕಿನ ಹಿಡಿತವನ್ನು ಬಿಡಲು, ಕಾಪಿನ ಬಾಗಿಲನ್ನು ತೆರೆಯಲು ಅನುಮತಿ. ‘ನನಗೆ ದೋಷ ತಗಲಿದೆ’ ಎಂದು ಹೇಳುವದು. ಆಗ ಎಲ್ಲವೂ ನಿಲ್ಲಬೇಕು. ಉಳಿಯೇ ತಿರುಗುವ ಮಿಲ್ಲಿಂಗ್ ಯಂತ್ರಗಳಲ್ಲಿ ಇನ್ನೂ ಒಂದುಂಟು: ಉಳಿಯನ್ನು ಬದಲಿಸುವಾಗ ಕದಿರು ಪ್ರತಿಸಲವೂ ಒಂದೇ ಕೋನದಲ್ಲಿ ನಿಂತು ‘ನೆಲೆಗೆ ಬಂದೆ’ ಎನ್ನಬೇಕು. ಎಲ್ಲ ವಿ.ಎಫ್.ಡಿ.ಗಳಿಗೂ ಇದು ಬಾರದು. ಕೊಳ್ಳುವ ಮುಂಚೆ ಕೇಳಬೇಕು.

ಹೊಸ ಡ್ರೈವಿನಿಂದ ಈ ಮರುಮಾತುಗಳು ಬಾರದಿದ್ದರೆ ಗಣಕವು ಕಾದು ಕಾದು ತಪ್ಪು ತೋರಿಸಿ ನಿಲ್ಲುವದು. ಆಗ ಅವಸರದ ಮಿಸ್ತ್ರಿಯು ಒಂದು ತುಂಡು ತಂತಿಯಿಂದ ಎರಡು ಕೊನೆಗಳನ್ನು ಕೂಡಿಸಿಬಿಡುವನು. ಗಣಕದ ಕಿವಿಯಲ್ಲಿ ‘ಸಂಪೂರ್ಣ ನಿಂತೆ’ ಎಂಬ ಮಾತು ಸದಾ ಮೊಳಗುತ್ತಿರುವದು. ಯಂತ್ರವು ನಡೆಯುವದು, ಮಾಲಿಕನು ಸಂತೋಷಪಡುವನು. ಒಂದು ದಿನ ಕೆಲಸಗಾರನ ಕಾಲು ತಪ್ಪಿ ಚಕ್ಕಿನ ಪಾದಗುಂಡಿಯ ಮೇಲೆ ಬೀಳುವದು. ಚಕ್ಕು ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗುತ್ತಿದ್ದರೂ ಗಣಕಕ್ಕೆ ಅದು ನಿಂತಿದೆಯೆಂದೇ ನಂಬಿಕೆ; ಹಿಡಿತವು ಬಿಡುವದು, ಉಕ್ಕಿನ ತುಂಡು ಗುಂಡಿನಂತೆ ಹಾರುವದು. ಅದೇ ರೀತಿ ‘ವೇಗಕ್ಕೆ ಬಂದೆ’ ಎಂಬ ಸುಳ್ಳನ್ನು ತಂತಿಯಿಂದ ಕಟ್ಟಿದ್ದರೆ, ಕದಿರು ತಿರುಗದೆ ಇರುವಾಗಲೂ ಉಳಿಯು ನುಗ್ಗಿ ಮುರಿಯುವದು. ತಮ್ಮ ಮಕ್ಕಳನ್ನು ಇಂತಹ ಕಾರಖಾನೆಗಳಿಗೆ ಕಳಿಸುವ ಪಾಲಕರು ಸಂಬಳವೆಷ್ಟು ಎಂದು ಕೇಳುವದರ ಜೊತೆಗೆ, ಯಂತ್ರದ ಬಾಗಿಲು ತೆರೆದಾಗ ಕದಿರು ನಿಲ್ಲುವದೋ ಇಲ್ಲವೋ ಎಂಬದನ್ನೂ ಕೇಳಿದರೆ ತಪ್ಪಲ್ಲ.

ನಿಲ್ಲಿಸುವದೂ ತಿರುಗಿಸುವದರಷ್ಟೇ ಕಠಿಣ. ತಿರುಗುವ ಚಕ್ಕಿನಲ್ಲಿರುವ ಶಕ್ತಿಯು ವೇಗದ ವರ್ಗಕ್ಕೆ ಅನು­ಗುಣವಾಗಿರುವದು. ವೇಗವು ಇಮ್ಮಡಿಯಾದರೆ ಶಕ್ತಿಯು ನಾಲ್ಮಡಿ. ಒಳ್ಳೆಯ ದರ್ಜೆಯ ಹಳೆಯ ಥೈರಿಸ್ಟರ್ ಡ್ರೈವುಗಳು ನಿಲ್ಲಿಸುವಾಗ ಈ ಶಕ್ತಿಯನ್ನು ವಿದ್ಯುತ್ತಾಗಿ ಮರಳಿ ತಂತಿಗಳಿಗೆ ಕೊಡುತ್ತಿದ್ದವು. ಸಾಮಾನ್ಯ ವಿ.ಎಫ್.ಡಿ.ಗೆ ಅದು ಬಾರದು. ಶಕ್ತಿಯು ಅದರ ಕೆಪ್ಯಾಸಿಟರುಗಳಿಗೆ ನುಗ್ಗಿ ವೋಲ್ಟು ಏರಿ ಡ್ರೈವು ಕೈಬಿಟ್ಟು ಕೂಡ್ರುವದು. ಆಗ ಚಕ್ಕು ತನ್ನಷ್ಟಕ್ಕೆ ಬಹಳ ಹೊತ್ತು ತಿರುಗುತ್ತಲೇ ಇರುವದು. ಅದಕ್ಕಾಗಿ ಆ ಶಕ್ತಿಯನ್ನು ಬಿಸಿಯಾಗಿ ಕಳೆಯುವ ಬ್ರೇಕಿಂಗ್ ರೆಜಿಸ್ಟರನ್ನು ಜೋಡಿಸಿ, ಅದನ್ನು ಮರದ ಹಲಗೆ, ಎಣ್ಣೆಬಟ್ಟೆಗಳಿಂದ ದೂರ ಇಡಬೇಕು. ಆ ಕೆಪ್ಯಾಸಿಟರುಗಳ ವಿಷಯವಾಗಿ ಇನ್ನೊಂದು ಎಚ್ಚರಿಕೆಯುಂಟು. ೪೧೫ ವೋಲ್ಟಿನ ಪರ್ಯಾಯ ಪ್ರವಾಹವು ಅವುಗಳಲ್ಲಿ ಸುಮಾರು ೫೮೭ ವೋಲ್ಟಿನ ನೇರ ಪ್ರವಾಹವಾಗಿ ನಿಂತಿರುವದು. ಮುಖ್ಯ ಸ್ವಿಚ್ಚನ್ನು ಆರಿಸಿದ ಮೇಲೂ ಕೆಲ ನಿಮಿಷ ಹಾಗೆಯೇ ಇರುವದು. ಡ್ರೈವಿನ ಮೇಲೆ ಬರೆದಷ್ಟು ಹೊತ್ತು ಕಾದು, ಮೀಟರಿನಿಂದ ಅಳೆದು ನೋಡಿ, ಆಮೇಲೆ ಕೈ ಇಡಬೇಕು.

ಸಾವಿರಾರು ಸಲ ಕತ್ತರಿಸಿದ ಪ್ರವಾಹವು ಸುತ್ತಲೂ ರೇಡಿಯೋದ ಗದ್ದಲದಂತಹ ಗದ್ದಲವನ್ನು ಹಬ್ಬಿಸುವದು. ವೇಗದ ಸಂಕೇತವನ್ನು ತರುವ ಚಿಕ್ಕ ತಂತಿಯನ್ನು ಮೋಟರಿನ ದಪ್ಪ ತಂತಿಯ ಜೊತೆಗೆ ಒಂದೇ ಕೊಳವೆಯಲ್ಲಿ ಹಾಕಿದರೆ ಆ ಪಿಸುಮಾತು ಗದ್ದಲದಲ್ಲಿ ಮುಳುಗುವದು, ಕದಿರಿನ ವೇಗವು ತೂಗಾಡುವದು. ಎರಡನ್ನೂ ದೂರ ಇಡಬೇಕು, ಎರಡಕ್ಕೂ ಹೆಣೆದ ತಾಮ್ರದ ಕವಚ ಬೇಕು, ಭೂಮಿಯ ಜೋಡಣೆಯು ಗಟ್ಟಿಯಾಗಿರಬೇಕು.

ಪರೀಕ್ಷೆಗೆ ಮೊದಲು ಪಟ್ಟಾಗಳನ್ನು ತೆಗೆದು ಮೋಟರನ್ನು ಒಂಟಿಯಾಗಿ ತಿರುಗಿಸಿ ನೋಡುವರು. ಮೋಟರಿನ ಪಟ್ಟಿಯ ಮೇಲಿನ ಅಂಕಿಗಳನ್ನು ಡ್ರೈವಿಗೆ ತಿಳಿಸಿದರೆ ಅದು ಮೋಟರಿನ ಗುಣವನ್ನು ತಾನೇ ಅಳೆದುಕೊಳ್ಳುವದು. ಆಮೇಲೆ ಪಟ್ಟಾ ಹಾಕಿ, ಚಕ್ಕಿನಲ್ಲಿ ಏನನ್ನೂ ಹಿಡಿಯದೆ, ನಿಧಾನದ ವೇಗದಿಂದ ಆರಂಭಿಸಿ ಐದುನೂರು ಸುತ್ತಿಗೊಮ್ಮೆ ಕೈಯಳತೆಯ ಟ್ಯಾಕೋಮೀಟರಿನಿಂದ ನಿಜವಾದ ವೇಗವನ್ನು ಅಳೆಯುವರು. ಎಸ್ ೧೦೦೦ ಎಂದಾಗ ೧೦೩೦ ಬಂದರೆ ಪ್ರಮಾಣವನ್ನು ತಿದ್ದಬೇಕು. ಎಸ್ ಸೊನ್ನೆ ಎಂದಾಗಲೂ ಕದಿರು ತೆವಳುತ್ತಿದ್ದರೆ ಸೊನ್ನೆಯನ್ನು ತಿದ್ದಬೇಕು. ಚಕ್ಕಿನ ಮೈಮೇಲೆ ಕೊರೆದ ಪರಮಾವಧಿ ವೇಗವನ್ನು ಗಣಕದಲ್ಲಿಯೂ ಡ್ರೈವಿನಲ್ಲಿಯೂ ಎರಡೂ ಕಡೆ ಮಿತಿಯಾಗಿ ಇಡಬೇಕು. ಹೊಸ ಡ್ರೈವು ಹಳೆಯದಕ್ಕಿಂತ ವೇಗವಾಗಿ ಓಡಿಸಬಲ್ಲದು, ಚಕ್ಕಿನ ಕಬ್ಬಿಣವು ಅದನ್ನು ತಾಳಬೇಕಲ್ಲ! ತುರ್ತಿನ ಕೆಂಪು ಗುಂಡಿಯನ್ನು ಪ್ರತಿಯೊಂದು ವೇಗದಲ್ಲಿಯೂ ಒತ್ತಿ, ಎಷ್ಟು ಸೆಕೆಂಡಿನಲ್ಲಿ ನಿಂತಿತೆಂದು ಗಡಿಯಾರ ಹಿಡಿದು ಬರೆದಿಡಬೇಕು. ಕದಿರು ತಿರುಗುವಾಗ ಚಕ್ಕಿನ ಪಾದಗುಂಡಿಯನ್ನು ಬೇಕೆಂದೇ ಒತ್ತಿ, ಗಣಕವು ಒಪ್ಪುವದಿಲ್ಲವೆಂಬದನ್ನು ಖಚಿತಪಡಿಸಿಕೊಳ್ಳಬೇಕು. ಈ ಪರೀಕ್ಷೆಯನ್ನು ಮಾಡುವಾಗ ಚಕ್ಕು ಬರಿದಾಗಿರಬೇಕು, ಕಾಪಿನ ಬಾಗಿಲು ಮುಚ್ಚಿರಬೇಕು, ವೇಗವು ಅತಿ ಕಡಿಮೆಯಾಗಿರಬೇಕು.

ಎಲ್ಲವೂ ಸರಿಹೋದ ಮೇಲೆ ಡ್ರೈವಿನಲ್ಲಿ ಇಟ್ಟ ಅಂಕಿಗಳೆಲ್ಲವನ್ನೂ ಒಂದು ಕಾಗದದ ಮೇಲೆ, ಬದಲಿಸಿದ ತಂತಿಗಳ ನಕಾಶೆಯನ್ನು ಇನ್ನೊಂದರ ಮೇಲೆ, ಸ್ವಚ್ಛವಾದ ಅಕ್ಷರದಲ್ಲಿ ತಾರೀಖು ಸಹಿತ ಬರೆದು, ವಿದ್ಯುತ್ ಕಪಾಟಿನ ಬಾಗಿಲಿನ ಒಳಮೈಗೆ ಒಂದು ಚೀಲ ಕಟ್ಟಿ ಅದರಲ್ಲಿ ಇಡುವರು. ಹತ್ತು ಹದಿನೈದು ವರ್ಷಗಳ ಮೇಲೆ ಈ ಡ್ರೈವೂ ಹಣ್ಣಾಗುವದು. ಆಗ ಆ ಕಪಾಟನ್ನು ತೆರೆಯುವವನು ಬೇರೊಬ್ಬನು.